ಚಿಕ್ಕಜ್ಜನ ವೆಬ್‌ಸೈಟಿನ ಗೃಹಪ್ರವೇಶ

ಸಿಂಚನಾ, ಪ್ರಣವ, ನಿಮ್ಮ ಚಿಕ್ಕಜ್ಜನಿಗೆ ಎರಡು ಮನೆಗಳಿವೆ ಎಂದರೆ ನಂಬುತ್ತೀರಾ? ಒಂದು ನಾವೆಲ್ಲ ಇರುವ ವಿನೋಬನಗರದ್ದು, ನೀವು ನೋಡಿದ್ದೀರಿ. ಇನ್ನೊಂದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಕಂದಾಯವೂ ಇಲ್ಲ. ಆದರೂ ಅದಕ್ಕೆ ಮುಹೂರ್ತ ನೋಡಿ, ಹಾಲು ಉಕ್ಕಿಸಿ, ಗೃಹಪ್ರವೇಶ ಮಾಡಿದ ಮಹಾಶಯ ಇಡೀ ಶಿವಮೊಗ್ಗದಲ್ಲಿ ಅವನೊಬ್ಬನೇ!

ಅವನು ಎಂದು ಬರೆಯುತ್ತಿದ್ದೇನೆಂದು ಬೇಸರಿಸಬೇಡಿ. ನಾನು ಮದುವೆಯಾಗಿ ಬಂದಾಗ ನನ್ನ ಈ ಮೈದುನ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದ. ನೀವು ಮಾತ್ರ ‘ಅವರು’ ಎನ್ನಿ.

ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದವನು. ನಿವೃತ್ತನಾದ ಮೇಲೆ ಕೈ ಸುಮ್ಮನಿರಬೇಕಲ್ಲ! ಮನೆಯ ಮಿಕ್ಸಿ, ಫ್ಯಾನು, ಗೋಡೆ ಗಡಿಯಾರ ಒಂದನ್ನೂ ಬಿಡದೆ ಬಿಚ್ಚಿದ. ಬಿಚ್ಚುವುದು ಅವನ ಕೆಲಸ, ಜೋಡಿಸುವುದು ಅಂಗಡಿಯವನ ಕೆಲಸ. ಕಾರ್ಖಾನೆ ಅಷ್ಟು ವರ್ಷ ಹೇಗೆ ನಡೆಯಿತೋ, ನನಗಂತೂ ತಿಳಿಯದು.

ಇಂಥವನು ವೆಬ್‌ಸೈಟ್ ಕಟ್ಟಲು ಹೊರಟದ್ದು ಹೊಳೆಹೊನ್ನೂರಿನ ನೆಂಟರ ಮದುವೆಯಿಂದ ಬರುವಾಗ. ಅಲ್ಲಿ ಮದುಮಗನನ್ನು ಹಸೆಗೆ ಕರೆಯುವ ಹಾಡನ್ನು ಮೊಬೈಲಿನಿಂದ ಹಾಕಿದ್ದರು. ಅರ್ಧಕ್ಕೆ ಹಾಡು ನಿಂತು ಟೂತ್‌ಪೇಸ್ಟಿನ ಜಾಹೀರಾತು ಶುರುವಾಯಿತು. ಹುಡುಗ ಪಾಪ, ಜಾಹೀರಾತು ಮುಗಿಯುವ ತನಕ ಹಸೆಮಣೆಯ ಮುಂದೆ ನಿಂತೇ ಇದ್ದ!

ಆ ಹಾಡುಗಳು ನನಗೆ ಬರುತ್ತವೆ. ನನ್ನ ಅತ್ತೆ ಕಲಿಸಿದ್ದು. ಆದರೆ ನಿಮ್ಮ ಅಜ್ಜ ಹೋದ ಮೇಲೆ ಮದುವೆಮನೆಗಳಲ್ಲಿ ನಾನು ಉಗ್ರಾಣದ ಕಡೆ ಇದ್ದುಬಿಡುತ್ತೇನೆ. ಹೋಗು ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಯಾರೂ ಕರೆಯಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಿಮ್ಮ ಚಿಕ್ಕಜ್ಜ ಇದ್ದಕ್ಕಿದ್ದಂತೆ, “ಅತ್ತಿಗೆ, ನೀವು ಸತ್ತೋದ್ರೆ ನಮ್ಮನೆ ಹಾಡೆಲ್ಲ ಯಾರ ಹತ್ರ ಕೇಳೋದು?” ಎಂದ. ಅದೂ ಎಷ್ಟು ಗಟ್ಟಿಯಾಗಿ! ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನನ್ನು ಮರುಕದಿಂದ ನೋಡಿದಳು.

“ನಾನೊಂದು ವೆಬ್‌ಸೈಟ್ ಕಟ್ತೀನಿ. ನೀವು ಹಾಡ್ಬೇಕು.”

“ನಾನಾ? ಬೇರೆ ಏನ್ ಬೇಕಾದ್ರೂ ಹೇಳು ಮಾರಾಯ, ಅದೊಂದು ಆಗಲ್ಲ” ಎಂದೆ. ನಾಲ್ಕು ಜನ ಕೂತಲ್ಲಿ ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ, ಇನ್ನು ಊರೆಲ್ಲ ಕೇಳುವಂತೆ ಹಾಡುವುದೇ?

ಅವನು ದುರ್ಗಿಗುಡಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿಯೇಬಿಟ್ಟ. ಪುಟ, ಚಿತ್ರ, ಹಾಡು ಎಲ್ಲವನ್ನೂ ಅಡುಗೆಮನೆಯ ಡಬ್ಬಿಗಳ ಹಾಗೆ ಓರಣವಾಗಿ ಇಡುವ ಒಂದು ಮುಕ್ತ ತಂತ್ರಾಂಶವಿದೆಯಂತೆ. ಪಾಠ ಹೇಳುವ ಹುಡುಗಿ, “ಇದು ಪುಕ್ಕಟೆ ಅಂಕಲ್. ಒಳಗೇನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು” ಎಂದಳಂತೆ. ಇವನ ಮುಂದೆ ಆಡುವ ಮಾತೇ ಅದು!

ಮೊದಲು ಬಣ್ಣದ ಹುಚ್ಚು ಹಿಡಿಯಿತು. ವೆಬ್‌ಸೈಟಿನ ಹೊರಗಿನ ಅಲಂಕಾರಕ್ಕೆ ಥೀಮ್ ಎನ್ನುತ್ತಾರೆ. ಬೆಳಿಗ್ಗೆ ಹಸಿರು, ಮಧ್ಯಾಹ್ನ ಹಳದಿ, ಸಂಜೆಗೆ ನೇರಳೆ. ನಿಮ್ಮ ಚಿಕ್ಕಜ್ಜಿ ಕಾಫಿ ಲೋಟ ಕುಕ್ಕಿ, “ಇರೋ ಮನೆಗೆ ಸುಣ್ಣ ಹೊಡ್ಸಿ ಅಂದ್ರೆ ಕಿವಿಗೆ ಹಾಕ್ಕೊಳಲ್ಲ, ಇಲ್ಲದ ಮನೆಗೆ ಮೂರು ಹೊತ್ತೂ ಬಣ್ಣ!” ಎಂದಳು.

ಆಮೇಲೆ ಪ್ಲಗಿನ್. ಹೆಚ್ಚಿನ ಸೌಕರ್ಯ ಬೇಕಾದರೆ ಸೇರಿಸಿಕೊಳ್ಳುವ ಬಿಡಿಭಾಗಗಳಂತೆ. ಒಂದು ದಿನ ಪರದೆಯೆಲ್ಲ ಬೆಳ್ಳಗಾಗಿ ನಿಂತಿತು. ಟೀಚರ್ ಹುಡುಗಿಗೆ ಫೋನು ಹೋಯಿತು.

“ಅಂಕಲ್, ಎಷ್ಟು ಪ್ಲಗಿನ್ ಹಾಕಿದೀರಿ?”

“ಸಿಕ್ಕಿದ್ದೆಲ್ಲಾ ಹಾಕ್ದೆ. ಪುಕ್ಕಟೆ ಇತ್ತಲ್ಲಮ್ಮಾ!”

ಎಲ್ಲ ಅಳಿಸಿ ಹೊಸದಾಗಿ ಶುರುಮಾಡಿದ. ಮರುದಿನವೇ ಓಡಿಬಂದು, “ಅತ್ತಿಗೆ, ಆಗ್ಲೇ ಒಬ್ರು ಅಭಿಪ್ರಾಯ ಬರ್ದಿದಾರೆ!” ಎಂದ. ತಾವು ಯಾವ ಊರಿನವರು, ಮನೆಯಲ್ಲಿ ಎಲ್ಲರೂ ಕ್ಷೇಮವೇ, ಈ ಕಡೆ ಬಂದರೆ ಕಾಫಿಗೆ ಬನ್ನಿ ಎಂದು ಉತ್ತರವನ್ನೂ ಬರೆದ. ಅತ್ತಲಿಂದ ಸದ್ದಿಲ್ಲ. ಅದು ತಂತ್ರಾಂಶದ ಜೊತೆಗೇ ಬರುವ ಮಾದರಿ ಅಭಿಪ್ರಾಯ, ಬರೆದವರು ಯಾರೂ ಇಲ್ಲ ಎಂದು ಹುಡುಗಿ ಹೇಳಿದಾಗ ಇವನು ಒಪ್ಪಬೇಕಲ್ಲ! “ಇರ್ಲಿ, ಮೊದಲು ಬಂದೋರು ಅವರೇ ತಾನೇ?”

ಎಲ್ಲ ಸಿದ್ಧವಾಯಿತು, ಹಾಡಿನ ಪುಟ ಮಾತ್ರ ಖಾಲಿ. ದಿನಾ ಕೇಳುತ್ತಿದ್ದ, ದಿನಾ ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ. ಕೊನೆಗೆ ಕೇಳುವುದನ್ನೇ ಬಿಟ್ಟ. ಗೆದ್ದೆನೆಂದುಕೊಂಡೆ, ಆದರೆ ಯಾಕೋ ಗೆದ್ದ ಹಾಗೆ ಅನಿಸಲಿಲ್ಲ.

ಅಷ್ಟರಲ್ಲಿ ಅವನು ಕರೆಯೋಲೆ ಅಚ್ಚು ಹಾಕಿಸಿ, ಮೂಲೆಗೆ ಅರಿಶಿನ ಹಚ್ಚಿ, ಮನೆಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆದ. ವಿಳಾಸದ ಜಾಗದಲ್ಲಿ ವೆಬ್‌ಸೈಟಿನ ವಿಳಾಸ! ಅವರವರ ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಲಿ ಎಂಬುದು ಇವನ ಲೆಕ್ಕ. ಆದರೆ ಅಕ್ಷತೆ ಕೊಟ್ಟು ಕರೆದ ಮೇಲೆ ನಮ್ಮವರು ಮನೆಯಲ್ಲಿ ಕೂರುತ್ತಾರೆಯೇ? ಆ ದಿನ ಬೆಳಿಗ್ಗೆ ಭದ್ರಾವತಿಯಿಂದ, ಹೊಳೆಹೊನ್ನೂರಿನಿಂದ ನೆಂಟರೆಲ್ಲ ರೇಷ್ಮೆ ಸೀರೆ, ಪಂಚೆ ಉಟ್ಟು ವಿನೋಬನಗರದಲ್ಲಿ ಇಳಿದರು. ಒಬ್ಬರು ಸ್ಟೀಲಿನ ಕೊಡ ತಂದಿದ್ದರು. ಇನ್ನೊಬ್ಬರು, “ಎಲ್ಲಪ್ಪಾ ಹೊಸ ಮನೆ? ಆಟೋದವನಿಗೂ ಈ ಬಡಾವಣೆ ಗೊತ್ತಿಲ್ವಂತೆ!” ಎಂದರು.

ಚಿಕ್ಕಜ್ಜಿ ಗಂಡನನ್ನು ನೋಡಿದ ನೋಟ ನೀವು ನೋಡಬೇಕಿತ್ತು! ಅವಳು ಉಪ್ಪಿಟ್ಟಿಗೆ ರವೆ ಹುರಿದಳು, ನಾನು ಕೇಸರಿಬಾತಿಗೆ ನಿಂತೆ. ಹೊರಗೆ ಹಸೆಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ದೀಪ ಹಚ್ಚಿದ್ದರು. “ಹಾಡಿನ ಪುಟದಲ್ಲಿ ಹಾಡೇ ಇಲ್ವಲ್ಲೋ!” ಎಂದು ಯಾರೋ ನಕ್ಕದ್ದು ಒಳಗೆ ಕೇಳಿಸಿತು.

ಆಗ ಅಡುಗೆಮನೆಯ ಬಾಗಿಲಲ್ಲಿ ಅವನು ಬಂದು ನಿಂತ. ಮೇಲೆ ಶಲ್ಯ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಅಕ್ಷತೆ, ಒಂದು ಕರೆಯೋಲೆ. ಎಲ್ಲರನ್ನೂ ಕರೆದವನು ನನ್ನನ್ನು ಕರೆದಿರಲಿಲ್ಲ. ಮನೆಯವಳಲ್ಲವೇ ಎಂದು ನಾನೂ ಸುಮ್ಮನಿದ್ದೆ.

“ಅತ್ತಿಗೆ, ನಮ್ಮನೇಲಿ ಶುಭಕಾರ್ಯ. ನೀವು ಬಂದು ಹಸೆಗೆ ಕರೆಯೋ ಹಾಡು ಹಾಡಿಕೊಡ್ಬೇಕು” ಎಂದು ಬಗ್ಗಿ ನಮಸ್ಕಾರ ಮಾಡಿದ. ತಮಾಷೆ ಮಾಡುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ, ತಮಾಷೆಯಲ್ಲ.

ನಿಮ್ಮ ಅಜ್ಜ ಹೋದ ಮೇಲೆ ನನ್ನನ್ನು ಹಾಡಲು ಬಾ ಎಂದು ಅಕ್ಷತೆ ಹಿಡಿದು ಬಂದವರು ಅವನೊಬ್ಬನೇ.

ಚಿಕ್ಕಜ್ಜಿ ನನ್ನ ಕೈಯಿಂದ ಸೌಟು ಕಿತ್ತುಕೊಂಡು, “ಹೋಗಿ ಅಕ್ಕ, ಕೇಸರಿಬಾತ್ ನಾನು ನೋಡ್ಕೋತೀನಿ” ಎಂದಳು. ಹೋಗಿ ಕೂತೆ. ಮೊದಲ ಸಾಲು ಒಬ್ಬಳೇ ಹಾಡಿದೆ. ಎರಡನೆಯದಕ್ಕೆ ಹಿಂದಿನಿಂದ ಇನ್ನಿಬ್ಬರು ಹೆಂಗಸರು ದನಿಗೂಡಿಸಿದರು.

ಅಂದು ಅವನು ರೆಕಾರ್ಡ್ ಮಾಡಿಕೊಂಡ ಹಾಡು ಆ ವೆಬ್‌ಸೈಟಿನಲ್ಲಿದೆ, ಬೇಕಾದಾಗ ಕೇಳಿ. ಆದರೆ ಹಾಡುವವಳನ್ನು ಅಡುಗೆಮನೆಗೆ ಬಂದು ಕರೆದವರು ಯಾರೆಂದು ಅಲ್ಲಿ ಒಂದಕ್ಷರವೂ ಇಲ್ಲ. ಅವನಾಗಿ ಬರೆಯುವವನೂ ಅಲ್ಲ. ಅದಿರುವುದು ಈ ಹಾಳೆಗಳಲ್ಲಿ ಮಾತ್ರ. ಇವನ್ನು ಜೋಪಾನವಾಗಿಡಿ ಮಕ್ಕಳೇ.