ರೂಬಾರ್ಬ್ ಎಂಬ ಹುಳಿ ದಂಟು

ನನ್ನದು ಮಾತು ಕಡಿಮೆ. ಅದಕ್ಕೇ ಇರಬೇಕು, ಇಂಥವೆಲ್ಲ ಬಹರೇನಿನ ಮುಹರ್ರಕ್‌ನ ನಮ್ಮ ಅಂಗಳದಲ್ಲೇ ನಡೆಯುತ್ತವೆ. ತಡೆಯುವವರಿಲ್ಲ.

ಕುಂಡ

ಆ ಚಳಿಗಾಲ ಹೆಂಡತಿ ಟೈಫಾಯ್ಡ್ ಮುಗಿಸಿ ಸಲ್ಮಾನಿಯಾದ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಜ್ವರ ಬಿಟ್ಟಿತ್ತು, ಊಟ ಸೇರುತ್ತಿರಲಿಲ್ಲ. ಎರಡು ಚಮಚ ಗಂಜಿಗೇ ಸಾಕು ಅನ್ನುತ್ತಿದ್ದಳು. ಬಳೆ ಮೊಣಕೈಯತ್ತ ಜಾರುತ್ತಿತ್ತು. ನನಗೆ ಹೆದರಿಕೆ ಹತ್ತಿತು.

ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಒಂದು ಗಿಡದ ಕುಂಡ ತಂದುಕೊಟ್ಟರು. "ರೂಬಾರ್ಬ್. ಕೆಲವು ವಾರಕ್ಕೆ ಕೊಯ್ಲಿಗೆ ಬರುತ್ತದೆ. ದಂಟು ತುಂಬ ಹುಳಿ, ನಾಲಿಗೆ ಏಳುತ್ತದೆ. ಎಲೆ ಮಾತ್ರ ತಿನ್ನಬೇಡಿ, ವಿಷ."

ಬೀಜದ ಪೊಟ್ಟಣವನ್ನೂ ತೋರಿಸಿದರು. ಚಿತ್ರದಲ್ಲಿ ದಂಟು ಕೆಂಪು. ಕುಂಡದಲ್ಲಿ ಹಸಿರು.

ಹೆಂಡತಿ ಮಲಗಿದಲ್ಲಿಂದಲೇ ನೋಡಿದಳು. ಅವಳಿಗೆ ಬರ ಊಟಕ್ಕೆ ಮಾತ್ರ, ಮಾತಿಗಲ್ಲ.

"ಮದುವೆಗೆ ಮೊದಲು ಕಳಿಸಿದ ನಿಮ್ಮ ಫೋಟೊ ಕೂಡ ಹೀಗೇ ಇತ್ತು."

ಎಲೆ

ಇಲ್ಲೇ ಕೆಲಸದಲ್ಲಿದ್ದ ಮಂಗಳೂರಿನ ಗೆಳೆಯನೊಬ್ಬ ಅವಳನ್ನು ನೋಡಲು ಬಂದ. ಅಷ್ಟರಲ್ಲಿ ಎಲೆ ಮೊರದಷ್ಟು ಅಗಲವಾಗಿತ್ತು. ಅವನು ಒಳಗೆ ಬರುವಾಗ ಕೈಯಲ್ಲಿ ನಾಲ್ಕು ಎಲೆ.

"ಕೆಸುವಿನ ಜಾತಿ ಅಲ್ವಾ ಮಾರಾಯ? ಮನೆಯಲ್ಲಿ ಪತ್ರೊಡೆ ಮಾಡಿಸಿ ತರುತ್ತೇನೆ. ಅಕ್ಕ ತಿನ್ನದಿದ್ದರೆ ಕೇಳು."

"ವಿಷ," ಅಂದೆ.

ಎಲೆ ಕೆಳಗೆ ಬಿತ್ತು. ಕೈಯನ್ನು ಅಂಗಿಗೆ ಒರೆಸಿಕೊಂಡ. "ಒಂದು ಬೋರ್ಡು ಹಾಕಬಾರದಾ?"

"ಮೇಯಲು ಬರುವವರು ಬೋರ್ಡು ಓದುವುದಿಲ್ಲ."

ದಂಟು

ಕೊಯ್ಲಿನ ದಿನ ಮುದುಕಿಯೇ ಬಂದರು. "ಕತ್ತಿ ಬೇಡ. ಬುಡ ಹಿಡಿದು ತಿರುಚಿ ಎಳೆಯಿರಿ."

ಎಳೆದೆ. ಎಲೆ ಬಿಸಾಡಿ, ಅರ್ಧದಷ್ಟು ದಂಟು ಹೆಚ್ಚಿ ಒಲೆಗಿಟ್ಟೆ. ನಾನು ಅಡುಗೆ ಮಾಡಿದವನಲ್ಲ. ಅವರು ಸಕ್ಕರೆ ಅಂದರು, ಸುರಿದೆ. ಇನ್ನೂ ಅಂದರು, ಇನ್ನೂ ಸುರಿದೆ. ನೋಡನೋಡುತ್ತ ಹೋಳೆಲ್ಲ ಕರಗಿ ಹೋಯಿತು.

ಬಟ್ಟಲು ಹೆಂಡತಿಯ ಕೈಗೆ ಕೊಟ್ಟೆ. ಮುದುಕಿ ಮಂಚದ ಪಕ್ಕ ನಿಂತರು, ನಾನು ಬಾಗಿಲಲ್ಲಿ. ಇದೂ ಸೇರದಿದ್ದರೆ ಮುಂದೇನು ಅಂತ ನನಗೆ ಗೊತ್ತಿರಲಿಲ್ಲ.

ಒಂದು ಚಮಚ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು, ತೆರೆದಳು. ಮುದುಕಿಗೆ "ವೆರಿ ನೈಸ್" ಅಂದು ನಕ್ಕಳು. ಅದೇ ನಗುಮುಖದಲ್ಲಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರುಮಾಡಿದಳು.

"ಇಷ್ಟು ಒಳ್ಳೆ ಹುಳಿಯನ್ನು ಸಕ್ಕರೆ ಸುರಿದು ಕೊಂದಿದ್ದೀರಲ್ಲ! ಉಳಿದ ದಂಟು ಎಲ್ಲುಂಟು? ಹಸಿಮೆಣಸು, ಬೆಳ್ಳುಳ್ಳಿ ತೆಗೆದಿಡಿ. ದಂಟು ಮುಟ್ಟಬೇಡಿ, ಗೊಜ್ಜು ನಾನೇ ಮಾಡುತ್ತೇನೆ. ಗಂಜಿ ಉಂಟಾ? ಇಡೀ ಪಾತ್ರೆ ತನ್ನಿ."

ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೊರಟೇಬಿಟ್ಟಳು.

ಮುದುಕಿ ಗಾಬರಿಯಾದರು. "ಏನಂದರು? ಹಿಡಿಸಲಿಲ್ಲವೇ?"

"ಹಸಿವಾಗಿದೆ ಅಂದಳು."

"ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವೇ?"

"ನನಗೆ ಕೇಳಿಸಿದ್ದು ಅಷ್ಟೇ," ಅಂದೆ.