ಕೂಕಟ್‌ಪಲ್ಲಿಯ ಟೆರೇಸಿನಲ್ಲಿ ಚರಗ

ಎಳ್ಳ ಅಮಾವಾಸ್ಯೆಗೆ ತವರಿಗೆ ಹೋಗುತ್ತೇನೆಂದು ಹೆಂಡತಿ ವಿಜಯಶ್ರೀ ಬ್ಯಾಗು ಇಳಿಸಿದಳು. ಅಂಬಾದಾಸನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು. ಹೋದ ಸಲ ಚಿಂಚೋಳಿಗೆ ಹೋದವಳು ತಿಂಗಳಾದರೂ ತಿರುಗಿ ಬಂದಿರಲಿಲ್ಲ. ಆ ತಿಂಗಳು ಪುಣ್ಯಾತ್ಮ ತಾನೇ ಬೇಯಿಸಿದ ಅನ್ನ ತಿಂದಿದ್ದ. ಅನ್ನ ಅಂತ ನಾವು ಮರ್ಯಾದೆಗೆ ಹೇಳಬೇಕು. ಅದರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು.

"ಈ ಸಲ ಹಬ್ಬ ಇಲ್ಲೇ ಮಾಡೂಣು. ಬಿಲ್ಡಿಂಗಿನ ಮಂದೀನೂ ನೋಡ್ಲಿ ನಿನ್ನ ಕೈರುಚಿ," ಎಂದು ಬೆಣ್ಣೆ ಹಚ್ಚಿದ.

"ಆಯ್ತು. ಆದ್ರ ಹಬ್ಬ ಕೆಟ್ತಂದ್ರ ಸಂಜೀನೇ ನಾ ಹೊಂಟೆ ನೋಡ್ರಿ!"

ಹಬ್ಬದ ಬೆಳಿಗ್ಗೆ ಟೆರೇಸಿನಲ್ಲಿ ರೊಟ್ಟಿ, ಅಂಬಲಿಯ ಪಕ್ಕ ದೊಡ್ಡ ಪಾತ್ರೆಯಲ್ಲಿ ಭಜ್ಜಿ ಕುದಿಯಿತು. ಹಸಿ ತೊಗರಿ, ಬಟಾಣಿ, ಅವರೆ, ಬದನೆ, ಮೆಂತ್ಯೆ, ಹುಣಸೆಹುಳಿ, ಸಿಕ್ಕಿದ್ದೆಲ್ಲ ಅದರೊಳಗೆ. ಇಷ್ಟನ್ನೂ ಜಗಳವಿಲ್ಲದೆ ಒಂದೇ ಪಾತ್ರೆಯಲ್ಲಿ ಇಟ್ಟವಳಿಗೆ ಅಂಬಾದಾಸ ಮನಸ್ಸಿನಲ್ಲೇ ಕೈಮುಗಿದ. ಆರು ಮನೆಯವರೂ ವಾಸನೆ ಹಿಡಿದು ಟೆರೇಸಿಗೆ ಹತ್ತಿಬಂದರು.

ಕೆಳಗಿನ ಮನೆಯ ಮುದುಕಿ ಸಾವಿತ್ರಿಬಾಯಿ ಬಂದವಳೇ ಸೊಂಟದ ಮೇಲೆ ಕೈಯಿಟ್ಟಳು. "ಚರಗ ಚೆಲ್ಲದೆ ಉಣ್ತೀರೇನೋ? ಮೊದಲ ಭೂಮಿತಾಯಿಗೆ, ಆಮ್ಯಾಲೆ ನಮಗ!"

"ಹೊಲ ಎಲ್ಲಿಂದ ತರ್ಲಿ, ಆಯಿ?"

"ಹಸಿರು ಕಂಡಲ್ಲಿ ಚೆಲ್ಲು!"

ಕಣ್ಣಿಗೆ ಕಂಡ ಹಸಿರೆಂದರೆ ಸೆಕ್ರೆಟರಿ ರವಿಶಂಕರ್ ಸಾಕಿದ್ದ ಹೂಕುಂಡಗಳು. ಅಂಬಾದಾಸ ರೊಟ್ಟಿ ಮುರಿದು, ಭಜ್ಜಿ ಕಲಸಿ, ಸುಗ್ಗಿಯ ರೈತನ ಹಾಗೆ ಕೈಬೀಸಿ ಚೆಲ್ಲಿದ. ಮರುಕ್ಷಣ ಕೂಕಟ್‌ಪಲ್ಲಿಯ ಪಾರಿವಾಳಗಳೆಲ್ಲ ಇಳಿದವು.

"ಏನ್ರೀ ಮಾಡಿದ್ರಿ!" ಬೆಂಗಳೂರಿನ ರವಿಶಂಕರ್ ಕೂಗಿಕೊಂಡರು. "ಇವುಗಳನ್ನ ಓಡಿಸೋಕೇ ಬಾಲ್ಕನಿಗೆಲ್ಲ ಬಲೆ ಕಟ್ಟಿಸಿದ್ದು ಕಣ್ರೀ!"

ಅಂಬಾದಾಸ ಟವೆಲ್ ಬೀಸುತ್ತ ಓಡಿದ, ಜಾರಿದ, ಅಂಬಲಿಯ ಪಾತ್ರೆಯಲ್ಲಿ ಕೂತ. ವಿಜಯಶ್ರೀಯ ಮುಖ ಕಪ್ಪಿಟ್ಟಿತು. ಮುಗೀತು, ಸಂಜೆಯ ಬಸ್ಸು ಖಾತ್ರಿ ಎಂದು ಅವನು ಕೂತಲ್ಲೇ ಲೆಕ್ಕ ಹಾಕಿದ.

ಅಷ್ಟರಲ್ಲಿ ಎಲ್ಲರೂ ಕುಂಡಗಳತ್ತ ತಿರುಗಿದರು. ನೂರಾರು ಹಕ್ಕಿಗಳು ಗದ್ದಲವಿಲ್ಲದೆ, ಪಂಕ್ತಿಗೆ ಕೂತ ಬೀಗರಂತೆ ಚರಗ ಹೆಕ್ಕುತ್ತಿದ್ದವು. ಕೊರಳಿನ ಹಸಿರು, ನೇರಳೆ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಒಂದು ಪಾರಿವಾಳ ರವಿಶಂಕರರ ಹೆಗಲೇರಿ, ಕತ್ತು ಓರೆಮಾಡಿ ಅವರನ್ನೇ ನೋಡಿತು. ಓಡಿಸಲು ಎತ್ತಿದ ಕೈಯನ್ನು ಅವರು ಮೆಲ್ಲಗೆ ಇಳಿಸಿದರು.

"ಇಷ್ಟು ಚೆಂದ ಇವೆ ಅಂತ ಗೊತ್ತೇ ಇರಲಿಲ್ಲ," ಎಂದು ಪಿಸುಗುಟ್ಟಿದರು.

"ಭೂಮಿತಾಯಿ ಕೈಯೊಡ್ಡಿ ತಗೊಂಡ್ಳವ್ವಾ," ಎಂದು ಸಾವಿತ್ರಿಬಾಯಿ ಕಣ್ಣೊರೆಸಿಕೊಂಡಳು. ಎದುರುಮನೆಯ ಜಯಮ್ಮ ಕೆನ್ನೆ ಬಡಿದುಕೊಂಡು, "ಅಬ್ಬಾ, ಎಂತ ಬಾಗುಂದಿ!" ಎಂದು ತನ್ನ ತೆಲುಗಿನಲ್ಲಿ ಆ ಚೆಂದವನ್ನು ಹೊಗಳಿದಳು.

ಆಮೇಲೆ ಕೇಳಬೇಕೇ? ಭಜ್ಜಿಯ ಪಾತ್ರೆಯನ್ನು ತೊಳೆಯುವ ಕೆಲಸವೇ ಉಳಿಯಲಿಲ್ಲ. ಹೆಂಡತಿಯ ಮುಖ ಅರಳಿದ್ದು ಕಂಡು ಅಂಬಾದಾಸ ಒದ್ದೆ ಪ್ಯಾಂಟಿನಲ್ಲೇ ಮೀಸೆ ತಿರುವಿದ.

"ಟೆರೇಸಲ್ಲೇ ಹೀಗಾದ್ರೆ ನಿಜವಾದ ಹೊಲದಲ್ಲಿ ಹೇಗಿರುತ್ತೆ, ಮೇಡಂ?" ರವಿಶಂಕರ್ ಕೇಳಿದರು.

"ಬಂದು ನೋಡ್ರಲ್ಲ! ಹೆಂಗೂ ನಾಳಿಂದ ಸಂಕ್ರಾಂತಿ ರಜಾ ಅದ, ಇವತ್ತ ಸಂಜೀಗೇ ಹೋಗೂಣು. ನಮ್ಮಪ್ಪ ಹೊಲದಾಗ ಕೂಡಿಸಿ ಎಳೆ ಜೋಳದ ತೆನಿ ಸುಟ್ಟು ಕೊಡ್ತಾನ. ವಾರ ಇದ್ದು ಬರೂಣು."

ಸಂಜೆಯ ಹೊತ್ತಿಗೆ ಗೇಟಿನ ಮುಂದೆ ಮಿನಿಬಸ್ಸು ಹಾರ್ನ್ ಹೊಡೆಯಿತು. ಅಂಬಾದಾಸನೂ ಚೀಲ ಹಿಡಿದು ಓಡಿಬಂದ. ರವಿಶಂಕರ್ ಬಾಗಿಲಲ್ಲೇ ತಡೆದರು.

"ನಿಮ್ಮೂರನ್ನ ನೀವು ನೋಡಿದೀರಲ್ಲ! ಬಿಲ್ಡಿಂಗ್ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ವಾ?" ಎಂದು ಆರೂ ಮನೆಯ ಬೀಗದ ಕೈ ಅವನ ಅಂಗೈಗೆ ಹಾಕಿದರು.

"ಹಬ್ಬ ಭಾಳ ಚಲೋ ಆತ್ರೀ!" ಕಿಟಕಿಯಿಂದ ವಿಜಯಶ್ರೀ ಕೈಬೀಸಿದಳು.

ಹೋದ ಸಲ ಅವಳು ತವರಿಗೆ ಹೋದಾಗ ಅಕ್ಕಪಕ್ಕದವರಾದರೂ ಒಂದು ಬಟ್ಟಲು ಸಾರು ಕೊಟ್ಟಿದ್ದರು. ಈ ಸಲ ಅವರೂ ಅದೇ ಬಸ್ಸಿನಲ್ಲಿದ್ದರು.