ಚಿಕ್ಕಪ್ಪನ ಟ್ರಂಕಿಗೆ ಆಯುಧಪೂಜೆ

ಇಂಗ್ಲೆಂಡಿನಿಂದ ಯಲಹಂಕಕ್ಕೆ ಬರಲು ಎಷ್ಟು ಹೊತ್ತು ಬೇಕು? ವಿಮಾನ, ರೈಲು, ಜಟಕಾ ಎಲ್ಲ ಸೇರಿಸಿದರೂ ಮೂರು ದಿನ ಸಾಕು ಎನ್ನುತ್ತೀರಿ. ನಮ್ಮ ಚಿಕ್ಕಪ್ಪನಿಗೆ ಒಂಬತ್ತು ವರ್ಷ ಹಿಡಿಯಿತು! ದಾರಿಯಲ್ಲಿ ಎಲ್ಲೂ ತಪ್ಪಿಸಿಕೊಂಡಿರಲಿಲ್ಲ. ಆ ಒಂಬತ್ತು ವರ್ಷವೂ ಅಪ್ಪನ ಪಂಚೆ ಉಟ್ಟುಕೊಂಡು ನಮ್ಮ ಮನೆಯಲ್ಲೇ ಇದ್ದರು.

ಅವರು ಇಂಗ್ಲೆಂಡಿನಲ್ಲಿ ಬಸ್ ಕಂಡಕ್ಟರ್ ಆಗಿದ್ದರು. ಯಾರು ಕೇಳಿದರೂ ಹಾಗೇ ಹೇಳುತ್ತಿದ್ದರು. ಅಜ್ಜಿ ಮಾತ್ರ ‘ಬಸ್ಸಿನ ಆಫೀಸರ್’ ಎಂದು ತಿದ್ದುತ್ತಿದ್ದಳು. ಎಪ್ಪತ್ತರ ದಶಕದ ಶುರುವಿನಲ್ಲಿ ಮೂರು ತಿಂಗಳ ರಜೆ ಎಂದು ಬಂದಿಳಿದರು. ಜೊತೆಗೆ ಒಂದು ಕೈಚೀಲ, ಒಂದು ನೀಲಿ ಟ್ರಂಕು. ಟ್ರಂಕಿನ ಬೀಗ ಕೆಟ್ಟಿದ್ದರಿಂದ ಸುತ್ತ ದಪ್ಪ ಹಗ್ಗ ಬಿಗಿದಿದ್ದರು. ಕೈಚೀಲದಿಂದ ನಮಗೆಲ್ಲ ಚಾಕೊಲೇಟ್ ಬಂತು. ಟ್ರಂಕು ಬಿಚ್ಚಲಿಲ್ಲ.

“ಬಿಚ್ಚೋದ್ಯಾಕೆ? ಮೂರು ತಿಂಗಳಿಗೆ ಮತ್ತೆ ಕಟ್ಬೇಕಲ್ಲ” ಎಂದರು.

ಮೂರು ತಿಂಗಳು ಆರಾಯಿತು. ಯಶವಂತಪುರದ ಗೋಡೌನೊಂದರಲ್ಲಿ ಸೂಪರ್‌ವೈಸರ್ ಕೆಲಸ ಹಿಡಿದರು, ಟೆಂಪರರಿ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಮಂಚ ಹಾಕಿಸಿಕೊಂಡರು, ಅದೂ ಟೆಂಪರರಿ. ಹೆಣ್ಣು ನೋಡಲು ಹೋದ ಕಡೆ “ಹುಡುಗರು ಇಲ್ಲೇ ಇರ್ತಾರೋ, ವಾಪಸ್ ಹೋಗ್ತಾರೋ?” ಎಂದು ಕೇಳಿದ್ದಕ್ಕೆ “ಹೌದು” ಎಂದು ಉತ್ತರ ಕೊಟ್ಟರು. ಆ ಮನೆಯವರು ಕಾಫಿಯನ್ನೂ ಕೊಡದೆ ಕಳಿಸಿದರು.

ತಾವು ಎಲ್ಲಿಲ್ಲವೋ ಆ ಊರೇ ಅವರಿಗೆ ಸ್ವರ್ಗ. “ಅಲ್ಲಿ ಹಾಲಿನವನು ಬಾಗಿಲ ಮುಂದೆ ಬಾಟ್ಲಿ ಇಟ್ಟು ಹೋಗ್ತಾನೆ, ಒಬ್ರೂ ಮುಟ್ಟಲ್ಲ” ಎಂದು ಅವರು ಶುರುಮಾಡಿದರೆ, ಅಪ್ಪ ಎದ್ದು ಬೀರುವಿನಿಂದ ಹಳೇ ಕಾಗದಗಳ ಕಟ್ಟು ತರುತ್ತಿದ್ದರು.

“ಇದು ನಿನ್ನ ಕೈಬರಹ ತಾನೇ? ಕೇಳು. ‘ಅಣ್ಣಾ, ಪಕ್ಕದ ಮನೆಯವರ ಮುಖ ನೋಡಿ ಎರಡು ತಿಂಗಳಾಯಿತು. ಇಲ್ಲಿ ಊಟವೂ ಸಪ್ಪೆ, ಮಾತೂ ಸಪ್ಪೆ. ಅವರೆಕಾಯಿ ಕಾಲಕ್ಕಾದರೂ ಊರಲ್ಲಿರಬೇಕಿತ್ತು.’”

“ಅದು ಆವಾಗ” ಎಂದು ಚಿಕ್ಕಪ್ಪ ತಲೆ ಎತ್ತದೆ ಅವರೆಕಾಳು ಹಿಸುಕುತ್ತಿದ್ದರು.

ಊರಿಗೆಲ್ಲ ಅವರ ಪರಿಚಯವಾದದ್ದು ಬಸ್ ಸ್ಟಾಪಿನಲ್ಲಿ. ಬಸ್ಸಿಗಾಗಿ ಅವರು ಕ್ಯೂ ನಿಲ್ಲುತ್ತಿದ್ದರು, ಒಬ್ಬರೇ. ಮಿಕ್ಕವರು ಹುಣಸೆಮರದ ಕೆಳಗೆ ಕೂತಿದ್ದು, ಬಸ್ಸು ಕಂಡೊಡನೆ ಓಡಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು. ಚಿಕ್ಕಪ್ಪ ಬಾಗಿಲ ಬಳಿ “ಮೊದಲು ಇಳಿಯೋರು, ಮೊದಲು ಇಳಿಯೋರು” ಎನ್ನುವಷ್ಟರಲ್ಲಿ ಬಸ್ಸು ಹೆಬ್ಬಾಳದ ದಾರಿ ಹಿಡಿದಿರುತ್ತಿತ್ತು.

ಹುಣಸಮಾರನಹಳ್ಳಿಯಿಂದ ಹೂವು ತರುತ್ತಿದ್ದ ಹೆಂಗಸೊಬ್ಬಳಿಗೆ ಇದನ್ನು ನೋಡಿ ನೋಡಿ ಕರುಳು ಚುರ್ ಎಂದಿತು.

“ಯಾಕ್ ಸಾಮಿ, ಇಂಗ್ ಬಿಸ್ಲಾಗೆ ಒಬ್ರೇ ನಿಂತಿದ್ದೀರಾ? ಮನೇಲಿ ಏನಾರ ಅಂದ್ರಾ?”

“ಇದು ಕ್ಯೂ ಕಣಮ್ಮ. ನನ್ನ ಹಿಂದೆ ನೀನು, ನಿನ್ನ ಹಿಂದೆ ಇನ್ನೊಬ್ರು.”

ಅವಳಿಗೆ ಒಪ್ಪಿಗೆಯಾಯಿತು. ಬುಟ್ಟಿಯನ್ನು ಅವರ ಹಿಂದೆ ಇಟ್ಟು, ತಾನು ಹೋಗಿ ಮರದ ಕೆಳಗೆ ಕೂತಳು. ಮರುದಿನ ಬುಟ್ಟಿಯ ಹಿಂದೆ ಒಂದು ಸೊಪ್ಪಿನ ಮೂಟೆ, ಅದರ ಹಿಂದೆ ಊಟದ ಕ್ಯಾರಿಯರ್, ಆಮೇಲೊಂದು ಛತ್ರಿ. ತಿಂಗಳೊಳಗೆ ಉದ್ದನೆಯ ಕ್ಯೂ ತಯಾರಾಯಿತು. ಅದರಲ್ಲಿ ಮನುಷ್ಯರು ಚಿಕ್ಕಪ್ಪ ಒಬ್ಬರೇ! ಬಸ್ಸು ಬಂದರೆ ಜನ ಎಂದಿನಂತೆ ನುಗ್ಗಿ, “ಸಾರ್, ಆ ಬುಟ್ಟಿ ಒಸಿ ಕೊಡಿ” ಎಂದು ಕಿಟಕಿಯಿಂದ ಕೈ ಚಾಚುವರು. ಚಿಕ್ಕಪ್ಪ ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲೇ ಒಂದೊಂದಾಗಿ ಏರಿಸಿಕೊಟ್ಟು, ಕೊನೆಗೆ ತಾವು ಬಾಗಿಲಲ್ಲಿ ನೇತಾಡಿಕೊಂಡು ಹೋಗುತ್ತಿದ್ದರು.

ಇಷ್ಟಾದರೂ ಟ್ರಂಕು ಮಾತ್ರ ಹಗ್ಗ ಬಿಗಿದುಕೊಂಡೇ ಮಂಚದ ಕೆಳಗೆ ಕೂತಿತ್ತು. ಅದನ್ನು ಬಿಚ್ಚಿದ ದಿನ ಚಿಕ್ಕಪ್ಪ ಉಳಿದರೆಂದು ಅರ್ಥ, ಬಾಗಿಲು ದಾಟಿದ ದಿನ ಹೋದರೆಂದು ಅರ್ಥ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಯುಧಪೂಜೆಯ ದಿನ ಸೈಕಲ್ಲು, ಈಳಿಗೆಮಣೆ, ಹೊಲಿಗೆ ಮೆಷಿನ್ನಿನ ಜೊತೆ ಅಜ್ಜಿ ಅದಕ್ಕೂ ಪೂಜೆ ಮಾಡುತ್ತಿದ್ದಳು. ಅದೂ ನಮ್ಮನ್ನೆಲ್ಲ ಹೊರಗೆ ಅಟ್ಟಿ, ಕೋಣೆಯ ಬಾಗಿಲು ಹಾಕಿಕೊಂಡು.

“ಟ್ರಂಕು ಯಾವ ಆಯುಧ ಅಮ್ಮಾ?” ಎಂದು ಅಪ್ಪ ಕೇಳಿದರೆ, “ಓಡಾಡೋ ಸಾಮಾನು ಕಣೋ” ಎನ್ನುತ್ತಿದ್ದಳು. ವರ್ಷಗಟ್ಟಲೆ ಒಂದು ಗೇಣೂ ಅಲುಗದ ಟ್ರಂಕು! ಮಗ ಎಲ್ಲೂ ಹೋಗದ ಹಾಗೆ ಅಜ್ಜಿ ಅದಕ್ಕೇನೋ ದಿಗ್ಬಂಧನ ಹಾಕುತ್ತಾಳೆಂದು ನಮ್ಮ ಗುಮಾನಿ. ಹಬ್ಬ ಕಳೆದ ಮೇಲೆ ಒಂದು ವಾರ ನಮ್ಮ ಮನೆಯ ಸಾರು ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅಮ್ಮ ಬಾವಿಯ ನೀರನ್ನು ಬೈಯುತ್ತಿದ್ದಳು. ಚಿಕ್ಕಪ್ಪ ಮಾತ್ರ “ಥೇಟ್ ಇಂಗ್ಲೆಂಡ್ ವಾಸನೆ” ಎಂದು ಸುರಿದುಕೊಂಡು ತಿನ್ನುತ್ತಿದ್ದರು.

ಎಂಬತ್ತರ ದಶಕ ಶುರುವಾಗಿತ್ತು. ಇಂಗ್ಲೆಂಡಿನ ಗೆಳೆಯನೊಬ್ಬನ ಕಾಗದ ಬಂತು. ಅವನೀಗ ಅಲ್ಲಿಯ ಬಸ್ ಡಿಪೋದಲ್ಲಿ ದೊಡ್ಡವನಾಗಿದ್ದ. ನಿನಗೊಂದು ಜಾಗ ಇದೆ, ಹಳೇ ಕೆಲಸದ ಪತ್ರಗಳನ್ನು ಈ ತಿಂಗಳೊಳಗೆ ಕಳಿಸು, ಇದು ತಪ್ಪಿದರೆ ಇನ್ನು ನನ್ನ ಕೈಲಾಗದು ಎಂದು ಬರೆದಿದ್ದ. ಪತ್ರಗಳಿದ್ದದ್ದು ಟ್ರಂಕಿನಲ್ಲಿ. ಚಿಕ್ಕಪ್ಪ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಬಸ್ ಸ್ಟಾಪಿನಲ್ಲಿ ಬುಟ್ಟಿಗಳ ಮುಂದೆ ಮನುಷ್ಯನೇ ಇಲ್ಲ.

ನಾಲ್ಕನೆಯ ಬೆಳಿಗ್ಗೆ ಟ್ರಂಕನ್ನು ಹೊರಗೆಳೆದರು. ನಾವೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತೆವು. ಹಗ್ಗಕ್ಕೆ ಕೈ ಹಾಕಿದವರು ತಟಕ್ಕನೆ ನಿಲ್ಲಿಸಿದರು.

“ಇದು ನಾನು ಹಾಕಿದ ಗಂಟಲ್ಲ.”

ಅದು ಹಸು ಕಟ್ಟುವ ಗಂಟು. ನಮ್ಮ ಮನೆಯಲ್ಲಿ ಹಾಗೆ ಗಂಟು ಹಾಕಲು ಬರುತ್ತಿದ್ದದ್ದು ಅಜ್ಜಿಯೊಬ್ಬಳಿಗೇ.

ಮುಚ್ಚಳ ತೆಗೆದರು. ಓವರ್‌ಕೋಟಿನ ಮೇಲೆ, ಡಾಂಬರು ಗುಳಿಗೆಗಳ ನಡುವೆ, ಅಜ್ಜಿಯ ಹಳೇ ಸೀರೆಯ ಚೂರುಗಳಲ್ಲಿ ಕಟ್ಟಿದ ಗಂಟುಗಳು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ.

ಅಜ್ಜಿ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಸೆರಗು ಹಿಡಿದುಕೊಂಡಳು. “ಪ್ರತಿ ವರ್ಷ ಹಬ್ಬಕ್ಕೆ ಹಳೇದು ತೆಗ್ದು ಹೊಸದು ಇಡ್ತೀನಪ್ಪ. ಹಳೇದನ್ನ ಎಸೆಯೋಕೆ ಮನಸ್ಸು ಬರಲ್ಲ, ಮನೆ ಸಾರಿಗೆ ಹಾಕ್ತೀನಿ. ನೀನು ಯಾವತ್ತು ಹೊರಡ್ತೀಯೋ ಯಾರಿಗ್ಗೊತ್ತು? ಅಲ್ಲಿ ಊಟ ಸಪ್ಪೆ ಅಂತ ಬರ್ದಿದ್ಯಲ್ಲ.”

“ನಾನು ಹೋಗ್ಲಿ ಅಂತಾನಾ ಅಮ್ಮ?”

“ಇರು ಅಂತ ಹೇಗೋ ಕಟ್ಟಿಹಾಕ್ಲಿ? ಹೋಗು ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ಪುಡಿ ಮಾಡಿಟ್ಟೆ.”

ಚಿಕ್ಕಪ್ಪ ನೆಲದ ಮೇಲೇ ಕೂತು ಅತ್ತರು. ನಾವು ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ನಮಗೂ ಅಳು ಬಂತು, ಯಾಕೆಂದು ಪೂರ್ತಿ ತಿಳಿಯದೆಯೇ. ಕೆಲಸದ ಪತ್ರಗಳು ಟ್ರಂಕಿನ ತಳದಲ್ಲೆಲ್ಲೋ ಇದ್ದಿರಬೇಕು, ಅವರು ಹುಡುಕಲಿಲ್ಲ. ಓವರ್‌ಕೋಟನ್ನು ಕೊಡವಿ ಗೂಟಕ್ಕೆ ತಗುಲಿಹಾಕಿದರು. ಹಗ್ಗವನ್ನು ಬಾವಿಕಟ್ಟೆಯ ಕಂಬದಿಂದ ಸೀಬೆಮರಕ್ಕೆ ಎಳೆದು ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ನನ್ನ ಸ್ಕೂಲ್ ಅಂಗಿ ಒಣಗುತ್ತಿತ್ತು.

ಆವತ್ತಿನ ಸಾರು ಹಿಂದೆಂದೂ ಇಲ್ಲದಷ್ಟು ಡಾಂಬರು ಗುಳಿಗೆ ನಾತ ಹೊಡೆಯುತ್ತಿತ್ತು. ಅಮ್ಮ ನೀರನ್ನು ಬೈಯಲಿಲ್ಲ. ಚಿಕ್ಕಪ್ಪ ಒಂದು ತುತ್ತು ತಿಂದು, ತಟ್ಟೆಯನ್ನು ಅಜ್ಜಿಯ ಮುಂದೆ ಸರಿಸಿದರು.

“ಇನ್ನೊಂದು ಸೌಟು ಹಾಕಮ್ಮ. ಥೇಟ್ ನಮ್ಮನೆ ವಾಸನೆ.”